ಕೈಗಾ, ತಾರಾಪುರ ಮತ್ತು ಗೋಡೆಯ ಹೊರಗಿನ ನಾವು

ಮುಂಬೈಯ ಮಾಟುಂಗದಲ್ಲಿ ಮೊನ್ನೆ ಭಾನುವಾರ ಕನ್ನಡದವರು ಸೇರಿದಾಗ ಆಡಿದ ಮಾತು ಇದು. ಬರಲಾಗದವರು ಬರೆದು ಕಳಿಸಿ ಅಂದರು. ಹೊತ್ತು ಸಾಲದೆ ಬಿಟ್ಟಿದ್ದ ಕೆಲವು ವಿಷಯಗಳನ್ನು ಸೇರಿಸಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳಿಗೂ ಅಲ್ಲಲ್ಲೇ ಉತ್ತರ ಇದೆ.

ಇಲ್ಲಿ ಕೂತವರಲ್ಲಿ ಬಹಳ ಜನ ಉತ್ತರ ಕನ್ನಡದವರು. ಕಾರವಾರ, ಅಂಕೋಲಾ, ಯಲ್ಲಾಪುರ, ಶಿರಸಿ. ಹುಟ್ಟೂರಿನ ಹತ್ತಿರ ಕೈಗಾ ಅಣು ವಿದ್ಯುತ್ ಸ್ಥಾವರ ಇದೆ. ದುಡಿಯುವ ಊರಿನ ಹತ್ತಿರ ತಾರಾಪುರದ ಸ್ಥಾವರ ಇದೆ. ವೆಸ್ಟರ್ನ್ ಲೈನಿನಲ್ಲಿ ಬೊಯಿಸರ್‌ಗೆ ಹೋಗಿ ಇಳಿದರೆ ಮುಂದೆ ಸ್ವಲ್ಪ ದೂರ, ಅಷ್ಟೇ. ಮುಂಬೈ ಒಳಗೇ ಟ್ರಾಂಬೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ, ಅಂದರೆ ಬಿಎಆರ್‌ಸಿ ಇದೆ. ದೇಶದ ಮೊದಲ ರಿಯಾಕ್ಟರ್ ಅಪ್ಸರಾ 1956ರ ಆಗಸ್ಟಿನಲ್ಲಿ ಶುರುವಾದದ್ದು ಅಲ್ಲೇ. ದೇಶದ ಅಣು ವಿದ್ಯುತ್ ಸ್ಥಾವರಗಳನ್ನು ನಡೆಸುವ ಎನ್‌ಪಿಸಿಐಎಲ್‌ನ ಕೇಂದ್ರ ಕಚೇರಿಯೂ, ಅವುಗಳ ಮೇಲೆ ಕಣ್ಣಿಡಬೇಕಾದ ಅಣುಶಕ್ತಿ ನಿಯಂತ್ರಣ ಮಂಡಳಿಯೂ (ಎಲ್ಲರೂ ಎಇಆರ್‌ಬಿ ಅಂತಾರೆ) ಚೆಂಬೂರಿನ ಪಕ್ಕ ಅಣುಶಕ್ತಿನಗರದಲ್ಲಿವೆ. ಇಷ್ಟೆಲ್ಲ ಹತ್ತಿರ ಇದ್ದರೂ ನಾವು ಇದರ ಬಗ್ಗೆ ಮಾತಾಡುವುದು ಕಡಿಮೆ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು. ಸ್ಥಾವರದ ನೌಕರನಲ್ಲ, ಚಳವಳಿಯ ಕಾರ್ಯಕರ್ತನೂ ಅಲ್ಲ. ಅಣು ವಿದ್ಯುತ್ ಬೇಕೇ ಬೇಡವೇ ಅನ್ನುವ ವಾದವನ್ನು ಇವತ್ತು ಪಕ್ಕಕ್ಕಿಡೋಣ. ಸ್ಥಾವರಗಳು ಇವೆ, ಇನ್ನೂ ಹಲವು ದಶಕ ಇರುತ್ತವೆ, ಇನ್ನಷ್ಟು ಬರುತ್ತಿವೆ. ಹಾಗಿದ್ದ ಮೇಲೆ ಸುತ್ತ ಬದುಕುವವರ ಸುರಕ್ಷತೆ ಹೇಗಿರಬೇಕು? ನನ್ನ ಮಾತು ಅಷ್ಟಕ್ಕೇ.

ಮೊದಲು ಯಂತ್ರದ ವಿಷಯ. ಕೈಗಾದಲ್ಲಿ ಈಗ ನಾಲ್ಕು ಘಟಕಗಳಿವೆ, ಒಂದೊಂದೂ 220 ಮೆಗಾವಾಟ್. ಮೊದಲೆರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಶುರು ಮಾಡಿದವು. ಇವು ಭಾರಜಲದ ರಿಯಾಕ್ಟರುಗಳು, ಭಾರಜಲ ಅಂದರೆ ಭಾರವಾದ ಹೈಡ್ರೋಜನ್ ಇರುವ ನೀರು. ಗಣಿಯಿಂದ ತೆಗೆದ ಯುರೇನಿಯಂ ಅನ್ನು ಸಮೃದ್ಧಗೊಳಿಸದೆ ಹಾಗೇ ಬಳಸುತ್ತವೆ. ಅದರಲ್ಲಿ ಸೀಳುವ ಯುರೇನಿಯಂ-235 ಇರುವುದು ಶೇಕಡಾ 0.7 ಮಾತ್ರ. "ಅಲ್ಲಿ ಬಾಂಬ್ ತರಹ ಸ್ಫೋಟ ಆಗುತ್ತಾ?" ಅಂತ ಒಬ್ಬ ಹುಡುಗ ಕೇಳಿದ. ಇಲ್ಲ. ಆ ಇಂಧನದಿಂದ ಅಂಥ ಸ್ಫೋಟ ಸಾಧ್ಯವೇ ಇಲ್ಲ. ಆ ಭಯ ಬಿಡಿ. ಭಯಪಡಬೇಕಾದ್ದು ಬೇರೆ ಇದೆ.

ಅದು ಶಾಖ. ಒಂದು ಘಟಕದಿಂದ 220 ಮೆಗಾವಾಟ್ ವಿದ್ಯುತ್ ಬರಬೇಕಾದರೆ ಒಳಗೆ ಸುಮಾರು 750 ಮೆಗಾವಾಟ್ ಶಾಖ ಹುಟ್ಟುತ್ತಿರುತ್ತದೆ. ರಿಯಾಕ್ಟರ್ ನಿಲ್ಲಿಸುವುದು ಸುಲಭ. ಎರಡೇ ಸೆಕೆಂಡಿನ ಮಾತು. ಕ್ಯಾಡ್ಮಿಯಂ ಸರಳುಗಳು ಒಳಗೆ ಇಳಿಯುತ್ತವೆ, ಪರಮಾಣುಗಳು ಒಂದರ ಹಿಂದೊಂದು ಒಡೆಯುವ ಸರಪಳಿ ಕ್ರಿಯೆ ನಿಲ್ಲುತ್ತದೆ. ಆದರೆ ಶಾಖ ನಿಲ್ಲುವುದಿಲ್ಲ. ಊರಿನ ಬಚ್ಚಲೊಲೆಯಿಂದ ಕಟ್ಟಿಗೆ ಎಳೆದರೂ ಕೆಂಡ ಹಂಡೆಯ ನೀರನ್ನು ಕಾಯಿಸುತ್ತಲೇ ಇರುತ್ತದಲ್ಲ, ಹಾಗೆ. ಒಡೆದ ಪರಮಾಣುಗಳ ಚೂರುಗಳು ಕ್ಷಯಿಸುತ್ತಾ ಇರುತ್ತವೆ, ನಿಲ್ಲಿಸಿದ ಕ್ಷಣದಲ್ಲಿ ಪೂರ್ಣ ಶಾಖದ ಶೇಕಡಾ ಆರೇಳರಷ್ಟು ಇನ್ನೂ ಬರುತ್ತಿರುತ್ತದೆ. ಅಂದರೆ ಐವತ್ತು ಮೆಗಾವಾಟಿನ ಆಸುಪಾಸು! ಒಂದು ದಿನ ಕಳೆದರೂ ಕೆಲವು ಮೆಗಾವಾಟ್ ಉಳಿದಿರುತ್ತದೆ. ಅದನ್ನು ನೀರು ಹೊತ್ತೊಯ್ಯುತ್ತಲೇ ಇರಬೇಕು. ನೀರು ಓಡಬೇಕಾದರೆ ಪಂಪ್ ಬೇಕು, ಪಂಪಿಗೆ ಕರೆಂಟ್ ಬೇಕು. ಕರೆಂಟ್ ತಯಾರಿಸುವ ಜಾಗಕ್ಕೇ ಹೊರಗಿನಿಂದ ಕರೆಂಟ್ ಬೇಕಾಗುತ್ತದೆ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ.

2011ರ ಮಾರ್ಚ್ 11ರಂದು ಫುಕುಶಿಮಾದಲ್ಲಿ ಕೈಕೊಟ್ಟಿದ್ದು ಇದೇ. ಭೂಕಂಪ ಆದಾಗ ರಿಯಾಕ್ಟರುಗಳು ಸರಿಯಾಗಿಯೇ ನಿಂತವು. ಆಮೇಲೆ ಸುನಾಮಿ ಬಂದು ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು. ತಂಪಾಗಿಸಲು ದಾರಿ ಇಲ್ಲದೆ ಇಂಧನ ಕರಗಿತು.

ನಮ್ಮಲ್ಲೇ ಹೀಗಾಗುವುದು ಸ್ವಲ್ಪದರಲ್ಲಿ ತಪ್ಪಿದೆ, ಫುಕುಶಿಮಾಕ್ಕಿಂತ ಎಷ್ಟೋ ವರ್ಷ ಮೊದಲು. ಉತ್ತರ ಪ್ರದೇಶದ ನರೋರಾ, 1993ರ ಮಾರ್ಚ್ 31ರ ನಸುಕು. ಟರ್ಬೈನಿನ ಬ್ಲೇಡುಗಳು ಮುರಿದವು. ಜನರೇಟರ್ ತಂಪಾಗಿಸುವ ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು. ಬೆಂಕಿ ಕೇಬಲ್ಲುಗಳಿಗೆ ಹಬ್ಬಿತು. ಮುಖ್ಯ ಕೇಬಲ್ಲೂ ಬದಲಿ ಕೇಬಲ್ಲೂ ಒಂದೇ ದಾರಿಯಲ್ಲಿ ಹೋಗಿದ್ದರಿಂದ ಎರಡೂ ಸುಟ್ಟವು. ಹದಿನೇಳು ಗಂಟೆ ಇಡೀ ಘಟಕಕ್ಕೆ ಕರೆಂಟ್ ಇಲ್ಲ. ನಿಯಂತ್ರಣ ಕೊಠಡಿಗೆ ಹೊಗೆ ತುಂಬಿತು. ಆ ಕತ್ತಲಲ್ಲಿ ಕೆಲವು ನೌಕರರು ಬ್ಯಾಟರಿ ದೀಪ ಹಿಡಿದು ಕಟ್ಟಡದ ಮೇಲೆ ಹತ್ತಿದರು, ಸರಪಳಿ ಕ್ರಿಯೆ ಮತ್ತೆ ಶುರುವಾಗದಿರಲಿ ಅಂತ ಬೋರಾನ್ ದ್ರಾವಣದ ವಾಲ್ವುಗಳನ್ನು ಕೈಯಿಂದ ತಿರುಗಿಸಿದರು. ಡೀಸೆಲ್ಲಿನಿಂದ ಓಡುವ ಬೆಂಕಿ ಆರಿಸುವ ಪಂಪುಗಳಿಂದ ಸ್ಟೀಮ್ ಜನರೇಟರಿಗೆ ನೀರು ಹರಿಸಿದರು. ಇಂಧನ ಕರಗಲಿಲ್ಲ, ವಿಕಿರಣ ಹೊರಬರಲಿಲ್ಲ. ಆ ನೌಕರರ ಬಗ್ಗೆ ನನಗೆ ತುಂಬಾ ಗೌರವ ಇದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಪ್ರಸಂಗ ಇರಬೇಕಿತ್ತು.

ಆಮೇಲೆ ಸುಧಾರಣೆ ಆಗಿದೆ, ಅದನ್ನೂ ಹೇಳಬೇಕು. ಕೇಬಲ್ಲುಗಳನ್ನು ಬೇರೆ ಬೇರೆ ದಾರಿಯಲ್ಲಿ ಎಳೆದರು. ಫುಕುಶಿಮಾ ಆದ ಮೇಲೆ ನಮ್ಮ ಸ್ಥಾವರಗಳಲ್ಲಿ ಹೊರಗಿನಿಂದ ನೀರು ತುಂಬುವ ಜೋಡಣೆ, ಸಾಗಿಸಬಹುದಾದ ಡೀಸೆಲ್ ಪಂಪುಗಳು ಬಂದವು.

ಈಗ ಕೈಗಾಕ್ಕೆ ಬರೋಣ. 1994ರ ಮೇ 13ರಂದು ಒಂದನೇ ಘಟಕದ ಗುಮ್ಮಟ ಕಟ್ಟುತ್ತಿದ್ದಾಗ ಒಳಪದರದ ಕಾಂಕ್ರೀಟ್ ಕಳಚಿ ಬಿತ್ತು, ನೂರಕ್ಕೂ ಹೆಚ್ಚು ಟನ್. ಕೆಲಸಗಾರರಿಗೆ ಗಾಯಗಳಾದವು. ಒಳಗೆ ಇನ್ನೂ ಇಂಧನ ಇರಲಿಲ್ಲ, ಅದೇ ಪುಣ್ಯ. ವಿಕಿರಣವನ್ನು ತಡೆಯುವ ಕೊನೆಯ ಗೋಡೆ ಅಂತ ಕರೆಯುವುದೇ ಆ ಗುಮ್ಮಟವನ್ನು. ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು. ಅದೇ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ, 962 ದಿನ, ಒಂದು ಸಲವೂ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಆಮೇಲೆ ಕೆನಡಾದ ಡಾರ್ಲಿಂಗ್ಟನ್ ಆ ದಾಖಲೆ ಮುರಿಯಿತು. ಭಾರಜಲದ ರಿಯಾಕ್ಟರಿಗೆ ಓಡುತ್ತಿರುವಾಗಲೇ ಇಂಧನ ತುಂಬಬಹುದು, ಅದಕ್ಕೇ ಇಷ್ಟು ದಿನ ಸಾಧ್ಯ. ಹಾಗಂತ ಇದು ಸಣ್ಣ ಸಾಧನೆ ಅಲ್ಲ. ಗುಮ್ಮಟ ಬಿದ್ದದ್ದೂ, ದಾಖಲೆಯ ಓಟ ಶುರುವಾದದ್ದೂ ಒಂದೇ ಘಟಕದಲ್ಲಿ, ಒಂದೇ ತಾರೀಖಿನಲ್ಲಿ. ಕೈಗಾದ ಬಗ್ಗೆ ಮಾತಾಡುವವರು ಹೆಚ್ಚಿನವರು ಇವೆರಡರಲ್ಲಿ ಒಂದನ್ನು ಮಾತ್ರ ಹೇಳುತ್ತಾರೆ. ಎರಡನ್ನೂ ಹೇಳದಿದ್ದರೆ ಕೈಗಾ ಅರ್ಥ ಆಗುವುದಿಲ್ಲ.

ಇನ್ನೊಂದು ಘಟನೆ, 2009ರ ನವೆಂಬರಿನದು. ಯಾರೋ ಬೇಕಂತಲೇ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ (ವಿಕಿರಣ ಸೂಸುವ ಒಂದು ಬಗೆಯ ಹೈಡ್ರೋಜನ್) ಇರುವ ಭಾರಜಲ ಬೆರೆಸಿದ್ದರು. ಐವತ್ತಕ್ಕೂ ಹೆಚ್ಚು ನೌಕರರ ದೇಹಕ್ಕೆ ಅದು ಸೇರಿತು. ಗೊತ್ತಾಗಿದ್ದು ಹೇಗೆ? ಅಲ್ಲಿ ಕೆಲಸ ಮಾಡುವವರ ಮೂತ್ರವನ್ನು ನಿಯಮಿತವಾಗಿ ಪರೀಕ್ಷಿಸುತ್ತಾರೆ, ಅದರಲ್ಲಿ ಸಿಕ್ಕಿಬಿತ್ತು. ಪರೀಕ್ಷೆ ಇದ್ದದ್ದರಿಂದ ಬೇಗ ತಿಳಿಯಿತು, ಚಿಕಿತ್ಸೆ ಸಿಕ್ಕಿತು. ಒಳಗಿನವರಿಗೆ ಇಂಥ ಪರೀಕ್ಷೆ ಇದೆ, ಅಂಕಿ ಇದೆ, ಮಿತಿ ಇದೆ. ಹೊರಗಿನವರಿಗೆ ಏನಿದೆ?

ಅಲ್ಲಿಗೆ ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯಕ್ಕೆ ಬಂದೆ. ಅಣು ಸ್ಥಾವರದ ಸುರಕ್ಷತೆಗೆ ಐದು ಪದರ ಇರಬೇಕು ಅನ್ನುವುದು ಜಗತ್ತಿನಾದ್ಯಂತ ಒಪ್ಪಿದ ಕ್ರಮ, ನಮ್ಮ ಮಂಡಳಿಯೂ ಒಪ್ಪಿದೆ. ಗಟ್ಟಿಯಾಗಿ ಕಟ್ಟುವುದು, ಎಡವಟ್ಟನ್ನು ಬೇಗ ಹಿಡಿಯುವುದು, ಹಿಡಿದ ಮೇಲೆ ಸುರಕ್ಷಿತವಾಗಿ ನಿಲ್ಲಿಸುವುದು, ಕೈಮೀರಿದರೆ ಗುಮ್ಮಟದೊಳಗೇ ತಡೆಯುವುದು. ಈ ನಾಲ್ಕೂ ಗೋಡೆಯ ಒಳಗಿನ ಕೆಲಸ, ಎಂಜಿನಿಯರುಗಳದ್ದು. ಐದನೆಯದು ಗೋಡೆಯ ಹೊರಗೆ. ನಾಲ್ಕೂ ಸೋತರೆ ಜನರನ್ನು ಕಾಪಾಡುವುದು. ಅದರ ಹೊಣೆ ಸ್ಥಾವರದ್ದಲ್ಲ, ಜಿಲ್ಲಾಧಿಕಾರಿಯದ್ದು. ಪೊಲೀಸರು, ಆರೋಗ್ಯ ಇಲಾಖೆ, ಬಸ್ಸು, ಶಾಲೆ, ಪಂಚಾಯತಿ ಎಲ್ಲ ಇದರಲ್ಲಿ ಬರುತ್ತವೆ. ನಾವೂ ಬರುತ್ತೇವೆ. ಒಳಗಿನ ನಾಲ್ಕು ಪದರಗಳ ಮೇಲೆ ಹಣ ಹಾಕಿದ್ದೇವೆ, ಬುದ್ಧಿ ಹಾಕಿದ್ದೇವೆ. ಐದನೆಯದು ತೀರಾ ತೆಳು. ಸ್ಥಾವರ ದೊಡ್ಡದಾಗುವ ಮೊದಲು ಅದು ದಪ್ಪ ಆಗಬೇಕು.

ಕೈಗಾ ದೊಡ್ಡದಾಗುತ್ತಿದೆ. ಈಗ ಒಟ್ಟು 880 ಮೆಗಾವಾಟ್. ಐದು ಮತ್ತು ಆರನೇ ಘಟಕಗಳು ತಲಾ 700 ಮೆಗಾವಾಟಿನವು. ಅವು ಬಂದರೆ 2,280 ಆಗುತ್ತದೆ, ಈಗಿನ ಎರಡೂವರೆ ಪಟ್ಟು. 2017ರಲ್ಲಿ ಕೇಂದ್ರ ಸಂಪುಟ ಒಂದೇ ಸಲಕ್ಕೆ ಹತ್ತು ಹೊಸ ರಿಯಾಕ್ಟರುಗಳಿಗೆ ಒಪ್ಪಿಗೆ ಕೊಟ್ಟಿತಲ್ಲ, ಅದರಲ್ಲಿ ಇವೆರಡೂ ಇದ್ದವು. 2018ರ ಡಿಸೆಂಬರಿನಲ್ಲಿ ಮಲ್ಲಾಪುರದಲ್ಲಿ ಪರಿಸರದ ಅಹವಾಲು ಸಭೆ ನಡೆಯಿತು. ಜನ ಜೋರಾಗಿಯೇ ವಿರೋಧಿಸಿದರು. ಮರುವರ್ಷ ಪರಿಸರ ಅನುಮತಿ ಸಿಕ್ಕಿತು. ಅಲ್ಲಿಯ ಜನರಿಗೆ ಇದು ಹೊಸ ಹೋರಾಟ ಏನಲ್ಲ. ಎಂಬತ್ತರ ದಶಕದಲ್ಲೇ ಶಿವರಾಮ ಕಾರಂತರು ಕೈಗಾ ವಿರುದ್ಧ ನಿಂತಿದ್ದರು, ಆ ಇಳಿವಯಸ್ಸಿನಲ್ಲಿ 1989ರ ಲೋಕಸಭಾ ಚುನಾವಣೆಗೂ ನಿಂತರು. ಗೆಲ್ಲಲಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆಗಳಲ್ಲಿ ಕೆಲವು ಇವತ್ತಿಗೂ ಹಾಗೇ ಇವೆ.

ತುರ್ತು ಯೋಜನೆಯ ವಲಯ ಸಾಂಪ್ರದಾಯಿಕವಾಗಿ ಸ್ಥಾವರದಿಂದ 16 ಕಿಲೋಮೀಟರ್. ಅದರೊಳಗೆ ಬೇಕಾದರೆ ಜನರನ್ನು ಮನೆಯೊಳಗೇ ಇರಿಸಬೇಕು, ಅಯೋಡಿನ್ ಮಾತ್ರೆ ಕೊಡಬೇಕು, ಅಗತ್ಯ ಬಿದ್ದರೆ ಬೇರೆಡೆಗೆ ಸಾಗಿಸಬೇಕು. ಕಾಗದದ ಮೇಲೆ ಇದೆಲ್ಲ ಇದೆ. ನಕ್ಷೆ ತೆಗೆದು ನೋಡಿ. ಒಂದು ಕಡೆ ಕಾಳಿ ನದಿ, ಎರಡು ಕಡೆ ಗುಡ್ಡ, ಬೆರಳೆಣಿಕೆಯ ರಸ್ತೆ. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೆಳಗಿನ ಹಳ್ಳಿಗಳು ಮುಳುಗಿದವು. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡವೇ ಜಾರಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು, ಜೀವಗಳು ಹೋದವು. ಮೂರೇ ವಾರದ ಮೇಲೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಇದ್ಯಾವುದಕ್ಕೂ ಸ್ಥಾವರಕ್ಕೂ ಸಂಬಂಧ ಇಲ್ಲ. ಆದರೆ ಜನರನ್ನು ಹೊರಗೆ ಕಳಿಸಬೇಕಾದರೆ ಇದೇ ರಸ್ತೆ, ಇದೇ ಸೇತುವೆ, ಅಲ್ವಾ? ಬೇಸಿಗೆಯ ಹಗಲಿನಲ್ಲಿ ಅಣಕು ಕಾರ್ಯಾಚರಣೆ ಮಾಡಿ ಯಶಸ್ವಿ ಅಂತ ಬರೆದುಕೊಂಡರೆ ಸಾಲದು. ಜುಲೈ ತಿಂಗಳ ರಾತ್ರಿ, ಜೋರು ಮಳೆ, ಕರೆಂಟ್ ಇಲ್ಲ, ಮೊಬೈಲ್ ಸಿಗ್ನಲ್ ಇಲ್ಲ, ಒಂದು ರಸ್ತೆ ಮುಚ್ಚಿದೆ ಅಂತ ಇಟ್ಟುಕೊಂಡು ಮಾಡಿ ನೋಡಬೇಕು. ಇನ್ನೊಂದು ವಿಷಯ, ಕೈಗಾ ಇರುವುದು ಕೊಡಸಳ್ಳಿ ಮತ್ತು ಕದ್ರಾ ಅಣೆಕಟ್ಟುಗಳ ನಡುವೆ, ಇನ್ನೂ ಮೇಲೆ ಸೂಪಾದ ದೊಡ್ಡ ಜಲಾಶಯ. ಮೇಲಿನ ಅಣೆಕಟ್ಟಿಗೆ ಅಪಾಯ ಬಂದರೆ ಸ್ಥಾವರ ಏನು ಮಾಡುತ್ತದೆ, ಕೆಳಗಿನ ಹಳ್ಳಿಯವರು ಏನು ಮಾಡಬೇಕು, ಎರಡಕ್ಕೂ ಸೇರಿ ಒಂದೇ ಯೋಜನೆ ಬೇಕು, ಅದು ಜನರ ಕೈಯಲ್ಲಿರಬೇಕು.

ತಾರಾಪುರದ ಕಥೆ ಬೇರೆ. ಅಲ್ಲಿ ಗುಡ್ಡ ಅಲ್ಲ, ಜನಸಂದಣಿ. ಮೊದಲೆರಡು ಘಟಕಗಳು 1969ರಲ್ಲಿ ಶುರುವಾದವು, ಅಮೆರಿಕದ ಜಿಇ ಕಂಪನಿಯ ಕುದಿನೀರಿನ ರಿಯಾಕ್ಟರುಗಳು. 2020ರಲ್ಲಿ ನಿಂತು, ಪೈಪುಗಳನ್ನೇ ಬದಲಿಸುವ ದೊಡ್ಡ ದುರಸ್ತಿಗೆ ಹೋದವು. ಮೂರು ಮತ್ತು ನಾಲ್ಕನೇ ಘಟಕಗಳು ತಲಾ 540 ಮೆಗಾವಾಟ್, ಮೂರನೆಯದು 2006ರದು, ನಾಲ್ಕನೆಯದು 2005ರದು. ಅವುಗಳಿಗಾಗಿ ಅಕ್ಕರಪಟ್ಟಿ, ಪೋಫರಣ್ ಹಳ್ಳಿಗಳ ಮೀನುಗಾರರೂ ರೈತರೂ ಎದ್ದು ಹೋಗಬೇಕಾಯಿತು. ಸ್ಥಾವರದ ಸುತ್ತ 5 ಕಿಲೋಮೀಟರ್‌ವರೆಗೆ ಜನಸಂಖ್ಯೆ ವಿಪರೀತ ಬೆಳೆಯದಂತೆ ನೋಡಿಕೊಳ್ಳಬೇಕು ಅನ್ನುವುದು ನಿಯಮ. ಅದರಾಚೆ ಬೊಯಿಸರ್ ಹೇಗೆ ಬೆಳೆದಿದೆ ಅಂತ ಅಲ್ಲಿ ಹೋಟೆಲ್ ಇಟ್ಟಿರುವ ನಮ್ಮವರನ್ನೇ ಕೇಳಿ. ಜೊತೆಗೆ ರಾಸಾಯನಿಕ ಕಾರ್ಖಾನೆಗಳು. 2018ರ ನವೆಂಬರಿನಿಂದ ಅದೇ ಪಾಲ್ಘರ್ ಜಿಲ್ಲೆಯ ಡಹಾಣು ಕಡೆ ಸಣ್ಣ ಸಣ್ಣ ಭೂಕಂಪಗಳು ಸಾಲುಸಾಲಾಗಿ ಬಂದವು. ರಿಯಾಕ್ಟರ್ ಇಂಥ ಕಂಪನ ತಡೆಯುತ್ತದೆ, ನನಗೆ ಅನುಮಾನ ಇಲ್ಲ. ಆದರೆ ಪಕ್ಕದಲ್ಲಿ ಒಂದು ರಾಸಾಯನಿಕ ಅವಘಡ, ಅದೇ ಹೊತ್ತಿಗೆ ಸ್ಥಾವರದ ಸೈರನ್ ಅಂದರೆ ಬಾಡಿಗೆ ಕೋಣೆಯಲ್ಲಿರುವ ವಲಸೆ ಕಾರ್ಮಿಕನಿಗೆ ಯಾರು, ಯಾವ ಭಾಷೆಯಲ್ಲಿ ಹೇಳುತ್ತಾರೆ?

ಹಿರಿಯರೊಬ್ಬರು ಕೇಳಿದರು, "ಸುಮ್ನೆ ಹೆದರಿಸ್ತಾ ಇದ್ದೀರಾ? ದಿನನಿತ್ಯ ಹೊರಬರೋ ವಿಕಿರಣ ಎಷ್ಟು?" ನ್ಯಾಯವಾದ ಪ್ರಶ್ನೆ. ಸಾರ್ವಜನಿಕರಿಗೆ ಸ್ಥಾವರದಿಂದ ವರ್ಷಕ್ಕೆ 1 ಮಿಲಿಸೀವರ್ಟ್‌ಗಿಂತ ಜಾಸ್ತಿ ತಗಲಬಾರದು, ಮಿಲಿಸೀವರ್ಟ್ ಅಂದರೆ ದೇಹಕ್ಕೆ ತಗಲುವ ವಿಕಿರಣದ ಅಳತೆ. ನೆಲ, ಗಾಳಿ, ಆಕಾಶದಿಂದ ನಮಗೆ ಹೇಗೂ ಬರುವುದು ಜಾಗತಿಕ ಸರಾಸರಿ 2.4. ಪ್ರಕಟವಾಗುವ ಅಂಕಿಗಳ ಪ್ರಕಾರ ನಮ್ಮ ಸ್ಥಾವರಗಳ ಪಾಲು ಆ 1ರ ಸಣ್ಣ ಭಾಗ. ನಾನು ಆ ಅಂಕಿಗಳನ್ನು ನಂಬುತ್ತೇನೆ. ಆದರೆ ನಾನು ನಂಬಿದರೆ ಏನು ಬಂತು? ಮಲ್ಲಾಪುರದ ಮೀನು ಮಾರುವ ಹೆಂಗಸು ನಂಬಬೇಕು. ಆಕೆಗೆ ಸಿಗುವುದೇನು? ಇಂಗ್ಲಿಷ್ ವರದಿಯ ಕೋಷ್ಟಕ. ಸುತ್ತಲಿನ ನೀರು, ಹಾಲು, ಮೀನು, ಮಣ್ಣನ್ನು ಪರೀಕ್ಷಿಸುವ ಪ್ರಯೋಗಾಲಯವೂ ಬಿಎಆರ್‌ಸಿಯದ್ದು, ಅಂದರೆ ಅದೇ ಅಣುಶಕ್ತಿ ಇಲಾಖೆಯ ಮನೆತನ. ಅವರ ಕೆಲಸ ಒಳ್ಳೆಯದೇ ಇರಬಹುದು. ಹೊರಗಿನವರು ಒಮ್ಮೆ ಅಳೆದು ಹೌದು ಅಂದರೆ ಅದರ ತೂಕವೇ ಬೇರೆ. ಕಾರವಾರ, ಧಾರವಾಡದ ಕಾಲೇಜುಗಳಿಗೆ ಮಾದರಿಗಳನ್ನು ಕೊಡಿ, ಅಂಕಿಗಳನ್ನು ತಿಂಗಳಿಗೊಮ್ಮೆ ಕನ್ನಡದಲ್ಲಿ ಪಂಚಾಯತಿ ಬೋರ್ಡಿಗೆ ಹಾಕಿ. ತಾರಾಪುರದಲ್ಲಿ ಮರಾಠಿಯಲ್ಲಿ, ಹಿಂದಿಯಲ್ಲಿ.

ಬೇರೆ ಕಡೆ ಇದನ್ನು ಮಾಡಿದ್ದಾರೆ. ಫ್ರಾನ್ಸ್ ನಮಗಿಂತ ಎಷ್ಟೋ ಜಾಸ್ತಿ ಅಣು ವಿದ್ಯುತ್ ನಂಬಿದ ದೇಶ. ಅಲ್ಲಿ ಪ್ರತಿ ಸ್ಥಾವರಕ್ಕೂ ಒಂದು ಸ್ಥಳೀಯ ಮಾಹಿತಿ ಸಮಿತಿ ಇರಲೇಬೇಕು, 2006ರ ಕಾಯ್ದೆಯೇ ಹಾಗೆ ಹೇಳುತ್ತದೆ. ಊರಿನ ಚುನಾಯಿತರು, ಕಾರ್ಮಿಕ ಸಂಘಗಳು, ಪರಿಸರದ ಗುಂಪುಗಳು ಅದರಲ್ಲಿ ಕೂರುತ್ತಾರೆ. ಅಯೋಡಿನ್ ಮಾತ್ರೆಯನ್ನು ಅವಘಡ ಆಗುವ ಮೊದಲೇ ಜನರಿಗೆ ಮುಟ್ಟಿಸುತ್ತಾರೆ. ಮೊದಲು 10 ಕಿಲೋಮೀಟರ್ ಒಳಗೆ ಮಾತ್ರ ಇತ್ತು, ಈಗ 20. ಇದರಿಂದ ಅಲ್ಲಿ ಜನ ಗಾಬರಿಯಾಗಿ ಊರು ಬಿಡಲಿಲ್ಲ. ನಮ್ಮಲ್ಲಿ ಮಾತ್ರ ಹೇಳಿದರೆ ಜನ ಹೆದರುತ್ತಾರೆ ಅಂತ ಹೇಳದೇ ಇರುತ್ತೇವೆ. ಹೇಳದೇ ಇದ್ದಾಗಲೇ ಭಯ ಜಾಸ್ತಿ, ಇದನ್ನು ನಾನು ಊರಿಗೆ ಹೋದಾಗಲೆಲ್ಲ ಕಾಣುತ್ತೇನೆ. ಯಾರಿಗಾದರೂ ಕ್ಯಾನ್ಸರ್ ಬಂದರೆ ಸಾಕು, ಕೈಗಾದಿಂದ ಅಂತ ಮಾತು ಹುಟ್ಟುತ್ತದೆ. ಹೌದು ಅನ್ನಲೂ ಅಲ್ಲ ಅನ್ನಲೂ ಜನರ ಕೈಯಲ್ಲಿ ಏನೂ ಇರುವುದಿಲ್ಲ.

ಇನ್ನು ಕಾವಲುಗಾರನ ಪ್ರಶ್ನೆ. ಎಇಆರ್‌ಬಿ 1983ರಲ್ಲಿ ಹುಟ್ಟಿದ್ದು ಸರ್ಕಾರಿ ಆದೇಶದಿಂದ, ಸಂಸತ್ತಿನ ಕಾಯ್ದೆಯಿಂದ ಅಲ್ಲ. 2012ರಲ್ಲಿ ಸರ್ಕಾರದ ಲೆಕ್ಕ ಪರಿಶೋಧಿಸುವ ಮಹಾಲೇಖಪಾಲರ (ಸಿಎಜಿ) ವರದಿ ಇದನ್ನೇ ಎತ್ತಿ ಹೇಳಿತು. ನಿಯಮ ಮಾಡುವ ಅಧಿಕಾರ ಇಲ್ಲ, ತಪ್ಪಿಗೆ ದಂಡ ಹಾಕಿದರೆ ಐನೂರು ರೂಪಾಯಿಯಷ್ಟು ಕಡಿಮೆ, ಹೊರಗಿನ ತುರ್ತು ಸಿದ್ಧತೆ ಸಾಲದು ಅಂತೆಲ್ಲ ಅದರಲ್ಲಿತ್ತು. ಸ್ವತಂತ್ರ ಪ್ರಾಧಿಕಾರಕ್ಕಾಗಿ 2011ರಲ್ಲಿ ಮಂಡಿಸಿದ ಮಸೂದೆ ಪಾಸಾಗಲೇ ಇಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತು ಶಾಂತಿ ಅನ್ನುವ ಹೆಸರಿನ ಹೊಸ ಕಾಯ್ದೆ ಒಪ್ಪಿತು. ಮಂಡಳಿಗೆ ಕಾಯ್ದೆಯ ಬಲ ಸಿಕ್ಕಿತು. ಅದೇ ಕಾಯ್ದೆ ಖಾಸಗಿಯವರಿಗೂ ಬಾಗಿಲು ತೆರೆಯಿತು. 2047ಕ್ಕೆ 100 ಗಿಗಾವಾಟ್ ಅನ್ನುವುದು ಗುರಿ, ಈಗ ಇರುವುದು 9ಕ್ಕೂ ಕಡಿಮೆ. ಅಷ್ಟು ವೇಗದಲ್ಲಿ ಕಟ್ಟುವಾಗ ನಿಲ್ಲಿಸಿ ಅಂತ ಹೇಳುವ ಧೈರ್ಯ ಕಾವಲುಗಾರನಿಗೆ ಇರಬೇಕು. ಕಾಯ್ದೆಯ ಬಲ ಎಷ್ಟು ಅನ್ನುವುದು ಗೊತ್ತಾಗುವುದು ಅವರು ಮೊದಲ ಸಲ ದೊಡ್ಡ ಸ್ಥಾವರವೊಂದನ್ನು ತಡೆದು ನಿಲ್ಲಿಸಿದಾಗ.

ಕೊನೆಗೆ ಡೊಂಬಿವಲಿಯಿಂದ ಬಂದಿದ್ದ ಒಬ್ಬ ಹೆಣ್ಣುಮಗಳು ಕೇಳಿದಳು. ಅಮ್ಮ ಕದ್ರಾ ಹತ್ತಿರ ಒಬ್ಬರೇ ಇದ್ದಾರೆ, ಅವರಿಗೆ ಏನು ಹೇಳಲಿ? ಇದಕ್ಕೆ ನಿಧಾನವಾಗಿ ಉತ್ತರ ಕೊಟ್ಟೆ, ಇಲ್ಲೂ ಬರೆಯುತ್ತೇನೆ. ಸೈರನ್ ಕೇಳಿದರೆ ಅಥವಾ ಪಂಚಾಯತಿಯಿಂದ ಸೂಚನೆ ಬಂದರೆ ಮೊದಲು ಮನೆಯೊಳಗೆ ಹೋಗಬೇಕು. ಕಿಟಕಿ ಬಾಗಿಲು ಮುಚ್ಚಬೇಕು. ರಸ್ತೆಗೆ ಓಡಬಾರದು, ಹೊರಗಿನ ಗಾಳಿಗಿಂತ ಗೋಡೆಯೊಳಗೆ ರಕ್ಷಣೆ ಜಾಸ್ತಿ. ತೆರೆದ ಬಾವಿಯ ನೀರು, ಹೊರಗಿಟ್ಟ ಆಹಾರ, ಆಗಷ್ಟೇ ಕರೆದ ಹಾಲು ಬೇಡ. ಹಾಲು ಯಾಕೆ ಅಂದರೆ, ಹುಲ್ಲಿನ ಮೇಲೆ ಬಿದ್ದ ವಿಕಿರಣದ ಅಯೋಡಿನ್ ಹಸುವಿನ ಹಾಲಿಗೆ ಬೇಗ ಬರುತ್ತದೆ. ಮಕ್ಕಳಿಗೆ ಅದರ ಅಪಾಯ ಎಲ್ಲರಿಗಿಂತ ಹೆಚ್ಚು. ಅಯೋಡಿನ್ ಮಾತ್ರೆಯನ್ನು ಆರೋಗ್ಯ ಇಲಾಖೆ ಹೇಳಿದಾಗ ಮಾತ್ರ ತಗೋಬೇಕು. ಅದು ಥೈರಾಯ್ಡ್ ಒಂದನ್ನೇ ಕಾಪಾಡುತ್ತದೆ, ಬೇರೆ ವಿಕಿರಣಕ್ಕೆ ಅದು ಮದ್ದಲ್ಲ. ದಿನದ ಔಷಧಿ, ಆಧಾರ್, ಟಾರ್ಚ್, ಬ್ಯಾಟರಿ ರೇಡಿಯೋ ಒಂದು ಚೀಲದಲ್ಲಿರಲಿ. ಇದರಲ್ಲಿ ಅರ್ಧ ಪ್ರವಾಹಕ್ಕೂ ಬೇಕಾಗುತ್ತದೆ.

ಆಮೇಲೆ ಆಕೆಯ ಅಮ್ಮ ಪಂಚಾಯತಿಯಲ್ಲಿ ಕೇಳಬೇಕು. ನಮ್ಮ ವಾರ್ಡಿನವರು ಸೇರಬೇಕಾದ ಜಾಗ ಯಾವುದು? ಯಾವ ರಸ್ತೆ, ಅದು ಮುಚ್ಚಿದರೆ ಯಾವುದು? ನಡೆಯಲಾಗದವರನ್ನು ಯಾರು ಕರೆದೊಯ್ಯುತ್ತಾರೆ? ಮಾತ್ರೆ ಎಲ್ಲಿಟ್ಟಿದ್ದೀರಿ, ಅವಧಿ ಮುಗಿದಿಲ್ಲವೇ? ಕೊನೆಯ ಅಣಕು ಕಾರ್ಯಾಚರಣೆ ಯಾವಾಗ, ಅದರ ವರದಿ ಕನ್ನಡದಲ್ಲಿ ಎಲ್ಲಿದೆ? ಅಲ್ಲಿ ಉತ್ತರ ಸಿಗದಿದ್ದರೆ ಕಾರವಾರದ ಜಿಲ್ಲಾಧಿಕಾರಿಗೆ ಇದೇ ಪ್ರಶ್ನೆಗಳನ್ನು ಬರೆದು ಕಳಿಸಬೇಕು, ಮಾಹಿತಿ ಹಕ್ಕಿನಡಿ ಕೇಳಿದರೂ ಆಗುತ್ತದೆ. ಬೊಯಿಸರ್, ಪಾಲ್ಘರ್ ಕಡೆಯವರು ಪಾಲ್ಘರ್ ಜಿಲ್ಲಾಧಿಕಾರಿಗೆ ಬರೆಯಲಿ. ಈ ಅರ್ಜಿಗಳ ಕನ್ನಡ ಮತ್ತು ಮರಾಠಿ ಕರಡನ್ನು ನಾನು ಮಾಡಿಕೊಡುತ್ತೇನೆ. ಊರಿನಲ್ಲಿ ಮನೆ ಇರುವವರು ತಮ್ಮ ಪಂಚಾಯತಿಯ ಹೆಸರು ಮಾತ್ರ ತಿಳಿಸಿ.